ಇ-ಮೇಲ್ ದೃಢೀಕರಣ: ಕಾವಲುಗಾರನಿದ್ದರೂ ತೆರೆದೇ ಇರುವ ಬಾಗಿಲು

ದೇಶದ ಬ್ಯಾಂಕುಗಳ ಅಂತರ್ಜಾಲ ವಿಳಾಸಗಳು ಬದಲಾಗುತ್ತಿರುವುದನ್ನು ಗ್ರಾಹಕರು ಗಮನಿಸಿರಬಹುದು. ಭಾರತೀಯ ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿ 7ರಂದು ಪ್ರಕಟಿಸಿ, ಏಪ್ರಿಲ್ 22ರ ಸುತ್ತೋಲೆಯಲ್ಲಿ ಕಡ್ಡಾಯಗೊಳಿಸಿದ ಕ್ರಮದಂತೆ ಬ್ಯಾಂಕುಗಳು ಅದೇ ವರ್ಷದ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ಡೊಮೈನ್‌ಗೆ ಸ್ಥಳಾಂತರಗೊಳ್ಳಬೇಕಿತ್ತು. ಈ ಹೆಸರುಗಳನ್ನು ನೋಂದಾಯಿಸಿಕೊಡುವ ಅಧಿಕಾರ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಯೊಂದಕ್ಕೇ ಇದೆ. ಬ್ಯಾಂಕ್ ಅಲ್ಲದವರಿಗೆ ಇಂತಹ ಹೆಸರು ಸಿಗದು. ಆದ್ದರಿಂದ ಬ್ಯಾಂಕಿನ ಹೆಸರಿನಲ್ಲಿ ನಕಲಿ ತಾಣ ತೆರೆಯುವವರನ್ನು ಗ್ರಾಹಕರು ಸುಲಭವಾಗಿ ಗುರುತಿಸಬಹುದು ಎಂಬುದು ಇದರ ಹಿಂದಿನ ತರ್ಕ. ತರ್ಕ ಸರಿಯಾಗಿಯೇ ಇದೆ.

ಆದರೆ ಜಾಲತಾಣದ ಮಟ್ಟಿಗೆ ಸರಿಯಾದ ಈ ಮಾತು ಇ-ಮೇಲ್ ಮಟ್ಟಿಗೆ ಅರ್ಧ ಸತ್ಯ ಮಾತ್ರ. ಒಂದು ಡೊಮೈನ್‌ನಲ್ಲಿ ತಾಣ ತೆರೆಯಬೇಕಾದರೆ ಆ ಹೆಸರು ನಮ್ಮ ಸ್ವಾಧೀನದಲ್ಲಿರಬೇಕು. ಅದೇ ಹೆಸರನ್ನು ಕಳುಹಿಸಿದವರ ವಿಳಾಸವೆಂದು ಬರೆದು ಇ-ಮೇಲ್ ರವಾನಿಸಲು ಅಂತಹ ನಿರ್ಬಂಧ ಮೂಲತಃ ಇಲ್ಲ. ಆ ನಿರ್ಬಂಧವನ್ನು ಡೊಮೈನ್‌ನ ಒಡೆಯರೇ ಹಾಕಿಕೊಳ್ಳಬೇಕು. ಅದಕ್ಕಾಗಿ ಇರುವ ಮೂರು ದಾಖಲೆಗಳೇ ಎಸ್‌ಪಿಎಫ್, ಡಿಕೆಐಎಂ ಮತ್ತು ಡಿಮಾರ್ಕ್.

ಇದು ಬ್ಯಾಂಕುಗಳಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ಸ್ವಂತ ಡೊಮೈನ್ ಕೊಂಡು, ಯಾವುದೋ ಹೋಸ್ಟಿಂಗ್ ಕಂಪನಿಯಲ್ಲಿ ತಾಣ ಇಟ್ಟು, ಅದೇ ಹೆಸರಿನಲ್ಲಿ ಇ-ಮೇಲ್ ಬಳಸುವ ಪ್ರತಿಯೊಂದು ಕಾಲೇಜು, ಆಸ್ಪತ್ರೆ, ಪತ್ತಿನ ಸಹಕಾರ ಸಂಘ, ಸಣ್ಣ ರಫ್ತು ಸಂಸ್ಥೆ ಹಾಗೂ ಟ್ರಸ್ಟ್‌ಗೂ ಇದು ಅನ್ವಯಿಸುತ್ತದೆ. ಕಳೆದ ಕೆಲವು ವರ್ಷಗಳ ಒತ್ತಡದಿಂದಾಗಿ ಇಂತಹ ಅನೇಕ ಸಂಸ್ಥೆಗಳು ಈ ದಾಖಲೆಗಳನ್ನು ಬರೆಸಿಕೊಂಡಿವೆ. ದಾಖಲೆ ಇದೆಯೇ ಎಂಬುದು ಒಂದು ಪ್ರಶ್ನೆ. ಅದು ವಂಚನೆಯನ್ನು ನಿಜವಾಗಿ ತಡೆಯುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ಮೊದಲ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಸಿಕ್ಕ ಕೂಡಲೇ ಎರಡನೆಯದನ್ನು ಕೇಳದೆ ಬಿಡುತ್ತಿರುವುದೇ ಇಂದಿನ ಸಮಸ್ಯೆ.

ಎರಡು ಕಡೆ ‘ಇಂದ’

ಇ-ಮೇಲ್ ಸಾಗಾಟದ ಮೂಲ ನಿಯಮಾವಳಿಯನ್ನು ಅಮೆರಿಕದ ಜಾನ್ ಪೋಸ್ಟೆಲ್ 1982ರ ಆಗಸ್ಟ್‌ನಲ್ಲಿ ಪ್ರಕಟಿಸಿದರು. ಆಗ ಜಾಲದಲ್ಲಿದ್ದವರು ಬಹುಪಾಲು ವಿಶ್ವವಿದ್ಯಾಲಯಗಳ ಹಾಗೂ ಸಂಶೋಧನಾ ಕೇಂದ್ರಗಳ ಜನ. ಕಳುಹಿಸಿದವರು ಹೇಳಿದ ಹೆಸರು ಅವರದೇ ಹೌದೇ ಎಂದು ಪರೀಕ್ಷಿಸುವ ವ್ಯವಸ್ಥೆ ಆ ನಿಯಮಾವಳಿಯಲ್ಲಿ ಇರಲಿಲ್ಲ. ಜಾಲ ಜಗತ್ತನ್ನೆಲ್ಲ ವ್ಯಾಪಿಸಿದ ಮೇಲೂ ಅಡಿಪಾಯ ಅದೇ ಉಳಿಯಿತು.

ಅಂಚೆ ಪತ್ರದ ಉದಾಹರಣೆ ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ. ಲಕೋಟೆಯ ಮೇಲೆ ‘ಇಂದ’ ಎಂದು ಯಾರ ಹೆಸರನ್ನು ಬೇಕಾದರೂ ಬರೆದು ಅಂಚೆಪೆಟ್ಟಿಗೆಗೆ ಹಾಕಬಹುದು. ಅಂಚೆಯವರು ಗುರುತಿನ ಚೀಟಿ ಕೇಳುವುದಿಲ್ಲ. ಒಳಗಿನ ಪತ್ರದ ತಲೆಯಲ್ಲೂ ಇನ್ನೊಂದು ‘ಇಂದ’ ಇರುತ್ತದೆ. ಎರಡೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಇ-ಮೇಲ್‌ನಲ್ಲೂ ಹೀಗೆಯೇ. ಸರ್ವರ್‌ಗಳು ತಮ್ಮತಮ್ಮಲ್ಲಿ ಹೇಳಿಕೊಳ್ಳುವ ವಿಳಾಸ ಒಂದು, ಓದುವವರ ಪರದೆಯ ಮೇಲೆ ಕಾಣುವ ವಿಳಾಸ ಇನ್ನೊಂದು. ವಂಚಕರಿಗೆ ಬೇಕಾಗಿರುವುದು ಎರಡನೆಯದು. ಗ್ರಾಹಕರು ನಂಬುವುದೂ ಅದನ್ನೇ.

ಮೂರು ದಾಖಲೆಗಳು ಮಾಡುವುದೇನು?

ಜಮೀನಿಗೆ ಪಹಣಿ ಇದ್ದಂತೆ ಡೊಮೈನ್‌ಗೆ ಡಿಎನ್‌ಎಸ್. ಯಾರು ಬೇಕಾದರೂ ತೆಗೆದು ನೋಡಬಹುದಾದ ಸಾರ್ವಜನಿಕ ದಾಖಲೆ ಅದು. ಆದರೆ ಅದರಲ್ಲಿ ಬರೆಯುವ ಹಕ್ಕು ಒಡೆಯರಿಗೆ ಮಾತ್ರ. ಮೇಲೆ ಹೇಳಿದ ಮೂರೂ ದಾಖಲೆಗಳು ಇದರಲ್ಲೇ ಒಂದೆರಡು ಸಾಲುಗಳಾಗಿ ಸೇರುತ್ತವೆ.

ಮೊದಲನೆಯದು ಎಸ್‌ಪಿಎಫ್. 2006ರಲ್ಲಿ ಪ್ರಾಯೋಗಿಕವಾಗಿ ಬಂದು, 2014ರಲ್ಲಿ ಪರಿಷ್ಕೃತ ರೂಪ ಪಡೆದ ಇದು ಒಂದು ಪಟ್ಟಿ. ‘ನಮ್ಮ ಹೆಸರಿನಲ್ಲಿ ಪತ್ರ ಕಳುಹಿಸಲು ಇಂತಿಂಥ ಸರ್ವರ್‌ಗಳಿಗೆ ಮಾತ್ರ ಅನುಮತಿ ಇದೆ’ ಎಂದು ಅದು ಹೇಳುತ್ತದೆ. ಆದರೆ ಇದು ಪರೀಕ್ಷಿಸುವುದು ಲಕೋಟೆಯ ಮೇಲಿನ ‘ಇಂದ’ವನ್ನೇ ಹೊರತು ಪರದೆಯ ಮೇಲೆ ಕಾಣುವುದನ್ನಲ್ಲ. ಜತೆಗೆ, ಪತ್ರವನ್ನು ಮಧ್ಯದಲ್ಲಿ ಯಾರಾದರೂ ಬೇರೆ ವಿಳಾಸಕ್ಕೆ ಮರುರವಾನಿಸಿದರೆ, ತಲುಪಿಸುವ ಸರ್ವರ್ ಬದಲಾಗುವುದರಿಂದ ಅಸಲಿ ಪತ್ರವೂ ಪರೀಕ್ಷೆಯಲ್ಲಿ ಸೋಲಬಹುದು.

ಎರಡನೆಯದು ಡಿಕೆಐಎಂ. ಯಾಹೂ ಮತ್ತು ಸಿಸ್ಕೊ ಕಂಪನಿಗಳು ಪ್ರತ್ಯೇಕವಾಗಿ ರೂಪಿಸಿದ್ದ ಎರಡು ವಿಧಾನಗಳು ಒಂದುಗೂಡಿ 2007ರಲ್ಲಿ ಇದು ಪ್ರಕಟವಾಯಿತು. ಹಳೆಯ ಕಾಲದ ಅರಗಿನ ಮುದ್ರೆಗೆ ಇದನ್ನು ಹೋಲಿಸಬಹುದು. ಪತ್ರ ಹೊರಡುವಾಗ ಸರ್ವರ್ ತನ್ನ ಬಳಿಯಿರುವ ಗುಪ್ತ ಕೀಲಿಯಿಂದ ಅದಕ್ಕೆ ಗಣಿತದ ಸಹಿ ಹಾಕುತ್ತದೆ. ಅದಕ್ಕೆ ಜೋಡಿಯಾದ ಸಾರ್ವಜನಿಕ ಕೀಲಿ ಡಿಎನ್‌ಎಸ್‌ನಲ್ಲಿರುತ್ತದೆ. ತಲುಪಿದ ಕಡೆ ಎರಡನ್ನೂ ತಾಳೆ ನೋಡಲಾಗುತ್ತದೆ. ಸಹಿ ಮಾಡಿದ ಭಾಗದಲ್ಲಿ ದಾರಿಯಲ್ಲಿ ಯಾರಾದರೂ ಬದಲಾವಣೆ ಮಾಡಿದ್ದರೆ ಮುದ್ರೆ ಒಡೆದಿರುವುದು ತಿಳಿಯುತ್ತದೆ. ಕೀಲಿಯ ಉದ್ದವೂ ಇಲ್ಲಿ ಮುಖ್ಯ. 2012ರಲ್ಲಿ ಅಮೆರಿಕದ ಗಣಿತಜ್ಞರೊಬ್ಬರು ಗೂಗಲ್ ಕೇವಲ 512 ಬಿಟ್‌ಗಳ ಕೀಲಿ ಬಳಸುತ್ತಿರುವುದನ್ನು ಪತ್ತೆಹಚ್ಚಿ ಅದನ್ನು ಭೇದಿಸಿ ತೋರಿಸಿದ್ದರು. ಈಗ 2048 ಬಿಟ್‌ಗಳ ಕೀಲಿಯನ್ನು ಶಿಫಾರಸು ಮಾಡಲಾಗುತ್ತದೆ.

ಮೂರನೆಯದು ಡಿಮಾರ್ಕ್. 2012ರ ಜನವರಿಯಲ್ಲಿ ಗೂಗಲ್, ಮೈಕ್ರೊಸಾಫ್ಟ್, ಯಾಹೂ, ಪೇಪಾಲ್ ಮೊದಲಾದ ಕಂಪನಿಗಳ ಕೂಟ ಇದನ್ನು ಹೊರತಂದಿತು. ಪರದೆಯ ಮೇಲೆ ಕಾಣುವ ವಿಳಾಸದ ಡೊಮೈನ್, ಎಸ್‌ಪಿಎಫ್ ಅಥವಾ ಡಿಕೆಐಎಂ ಪರೀಕ್ಷೆಯಲ್ಲಿ ಗೆದ್ದ ಡೊಮೈನ್‌ಗೆ ಹೊಂದಬೇಕು ಎಂಬುದು ಇದರ ಷರತ್ತು. ಹೊಂದದಿದ್ದರೆ ಏನು ಮಾಡಬೇಕೆಂದು ಒಡೆಯರೇ ಇಲ್ಲಿ ಆದೇಶ ಬರೆದಿಡಬಹುದು. ಆದೇಶಗಳು ಮೂರು ಬಗೆ: ‘ನನ್’ ಎಂದರೆ ಏನೂ ಮಾಡಬೇಡಿ, ವರದಿ ಮಾತ್ರ ಕಳುಹಿಸಿ, ‘ಕ್ವಾರಂಟೈನ್’ ಎಂದರೆ ಸಂಶಯಾಸ್ಪದ ಪತ್ರಗಳ ಸ್ಪ್ಯಾಮ್ ಕಡತಕ್ಕೆ ಹಾಕಿ, ‘ರಿಜೆಕ್ಟ್’ ಎಂದರೆ ಬಾಗಿಲಲ್ಲೇ ತಿರಸ್ಕರಿಸಿ.

ನಮ್ಮ ಇಡೀ ಚರ್ಚೆ ನಿಂತಿರುವುದು ಈ ಮೂರು ಪದಗಳ ಮೇಲೆ. ‘ನನ್’ ಎಂದು ಬರೆದಿರುವ ಸಂಸ್ಥೆಗೂ ಡಿಮಾರ್ಕ್ ‘ಇದೆ’. ಆದರೆ ಅದು ಬಂದವರ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡು ಎಲ್ಲರನ್ನೂ ಒಳಗೆ ಬಿಡುವ ಕಾವಲುಗಾರನಿದ್ದಂತೆ.

ಕಡ್ಡಾಯ ಮಾಡಿದವರು ಯಾರು?

ಹನ್ನೆರಡು ವರ್ಷಗಳ ಕಾಲ ಐಚ್ಛಿಕವಾಗಿದ್ದ ಈ ವ್ಯವಸ್ಥೆ ಜಗತ್ತಿನಾದ್ಯಂತ ಕಡ್ಡಾಯವಾದದ್ದು ಯಾವ ಶಾಸನದಿಂದಲೂ ಅಲ್ಲ. 2023ರ ಅಕ್ಟೋಬರ್‌ನಲ್ಲಿ ಗೂಗಲ್ ಮತ್ತು ಯಾಹೂ ಹೊಸ ನಿಯಮಗಳನ್ನು ಪ್ರಕಟಿಸಿದವು. 2024ರ ಫೆಬ್ರುವರಿಯಿಂದ ಜಾರಿಗೆ ಬಂದ ಜಿಮೇಲ್ ನಿಯಮದಂತೆ, ಎಷ್ಟೇ ಕಡಿಮೆ ಪತ್ರ ಕಳುಹಿಸುವವರಾದರೂ ಎಸ್‌ಪಿಎಫ್ ಅಥವಾ ಡಿಕೆಐಎಂ ಹೊಂದಿರಬೇಕು. ದಿನಕ್ಕೆ 5,000ಕ್ಕೂ ಹೆಚ್ಚು ಪತ್ರಗಳನ್ನು ಜಿಮೇಲ್ ಬಳಕೆದಾರರಿಗೆ ಕಳುಹಿಸುವವರಿಗೆ ಮೂರೂ ಬೇಕು. ಮೈಕ್ರೊಸಾಫ್ಟ್ ತನ್ನ ಔಟ್‌ಲುಕ್, ಹಾಟ್‌ಮೇಲ್ ಅಂಚೆಪೆಟ್ಟಿಗೆಗಳಿಗೆ 2025ರ ಮೇ 5ರಿಂದ ಇಂತಹುದೇ ನಿಯಮ ಜಾರಿಗೊಳಿಸಿತು.

ಇದರ ಫಲ ಸಣ್ಣದಲ್ಲ. ದೃಢೀಕರಣವಿಲ್ಲದೆ ಜಿಮೇಲ್‌ಗೆ ಬರುತ್ತಿದ್ದ ಪತ್ರಗಳು ಶೇ 65ರಷ್ಟು ಕಡಿಮೆಯಾದವು ಎಂದು ಗೂಗಲ್ ಹೇಳಿಕೊಂಡಿದೆ. ಆದರೆ ಈ ನಿಯಮಗಳ ಒಂದು ಅಂಶವನ್ನು ಗಮನಿಸಬೇಕು. ಡಿಮಾರ್ಕ್ ವಿಷಯದಲ್ಲಿ ಇವೆಲ್ಲವೂ ಕನಿಷ್ಠ ಷರತ್ತಾಗಿ ಒಪ್ಪಿಕೊಳ್ಳುವುದು ‘ನನ್’ ಎಂಬ ಆದೇಶವನ್ನೇ. ಪತ್ರ ತಲುಪಬೇಕೆಂಬ ಕಾರಣಕ್ಕೆ ದಾಖಲೆ ಬರೆಸಿದ ಸಂಸ್ಥೆಗೆ ಅಷ್ಟಕ್ಕೇ ಕೆಲಸ ಮುಗಿಯುತ್ತದೆ. ತನ್ನ ಹೆಸರಿನಲ್ಲಿ ಬೇರೆಯವರ ಪತ್ರ ತಲುಪಬಾರದೆಂಬ ಕಾಳಜಿ ಆ ಷರತ್ತಿನಲ್ಲಿ ಇಲ್ಲ.

ಈ ಅಂತರವನ್ನು ಬಳಸಿಕೊಳ್ಳುವವರಿದ್ದಾರೆ. ಉತ್ತರ ಕೊರಿಯಾದ ‘ಕಿಮ್‌ಸುಕಿ’ ಎಂಬ ಸೈಬರ್ ತಂಡ ದುರ್ಬಲ ಡಿಮಾರ್ಕ್ ಆದೇಶಗಳಿರುವ ಡೊಮೈನ್‌ಗಳನ್ನು ದುರುಪಯೋಗಪಡಿಸಿಕೊಂಡು, ಪತ್ರಕರ್ತರು ಹಾಗೂ ವಿದ್ವಾಂಸರ ಸೋಗಿನಲ್ಲಿ ಪತ್ರ ಕಳುಹಿಸುತ್ತಿದೆ ಎಂದು ಅಮೆರಿಕದ ಎಫ್‌ಬಿಐ, ವಿದೇಶಾಂಗ ಇಲಾಖೆ ಮತ್ತು ಎನ್‌ಎಸ್‌ಎ 2024ರ ಮೇ ತಿಂಗಳಲ್ಲಿ ಜಂಟಿ ಎಚ್ಚರಿಕೆ ನೀಡಿದವು. ‘ನನ್’ ಆದೇಶವನ್ನು ಬದಲಿಸಿಕೊಳ್ಳಿ ಎಂಬುದೇ ಅವು ಕೊಟ್ಟ ಸಲಹೆ. ಅಮೆರಿಕದ ಸರ್ಕಾರ ತನ್ನ ಇಲಾಖೆಗಳಿಗೆ ಈ ಪಾಠವನ್ನು ಮೊದಲೇ ಹೇಳಿತ್ತು. 2017ರ ಅಕ್ಟೋಬರ್‌ನ ನಿರ್ದೇಶನದಲ್ಲಿ 90 ದಿನಗಳೊಳಗೆ ಕನಿಷ್ಠ ‘ನನ್’, ಒಂದು ವರ್ಷದೊಳಗೆ ‘ರಿಜೆಕ್ಟ್’ ಎಂದು ಎರಡು ಗಡುವುಗಳನ್ನು ವಿಧಿಸಲಾಗಿತ್ತು. ಮೊದಲ ಹಂತ ತಾತ್ಕಾಲಿಕ ಎಂಬುದು ಅಲ್ಲಿ ಸ್ಪಷ್ಟವಾಗಿತ್ತು.

ನಮ್ಮಲ್ಲಿ ರಿಸರ್ವ್ ಬ್ಯಾಂಕ್ 2019ರ ಡಿಸೆಂಬರ್ 31ರ ಸುತ್ತೋಲೆಯಲ್ಲಿ ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ ಸ್ವಂತ ಇ-ಮೇಲ್ ಡೊಮೈನ್ ಹಾಗೂ ಡಿಮಾರ್ಕ್ ನಿಯಂತ್ರಣ ಇರಬೇಕೆಂದು ಹೇಳಿತು. ಪಟ್ಟಣ ಸಹಕಾರಿ ಬ್ಯಾಂಕುಗಳು ಹೆಚ್ಚಿನ ಸಂಖ್ಯೆಯಲ್ಲಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದ್ದರಿಂದ ಇದು ನಮಗೆ ದೂರದ ವಿಷಯವಲ್ಲ.

ನಿರ್ಲಕ್ಷ್ಯ ಯಾರದು, ನಷ್ಟ ಯಾರದು?

ಸಂಸ್ಥೆಗಳು ‘ನನ್’ ಹಂತದಲ್ಲೇ ನಿಲ್ಲಲು ಮುಖ್ಯ ಕಾರಣ ತಾಂತ್ರಿಕ ತೊಡಕಲ್ಲ, ನಷ್ಟದ ಹಂಚಿಕೆ. ಒಂದು ಸಹಕಾರಿ ಬ್ಯಾಂಕಿನ ಹೆಸರಿನಲ್ಲಿ ನಕಲಿ ಪತ್ರ ಹೋಯಿತೆನ್ನೋಣ. ‘ನಿಮ್ಮ ಕೆವೈಸಿ ಅವಧಿ ಮುಗಿದಿದೆ, ಈ ಕೊಂಡಿಯನ್ನು ಒತ್ತಿ’ ಎಂದು ಅದರಲ್ಲಿದೆ. ಕಳುಹಿಸಿದವರ ಜಾಗದಲ್ಲಿ ಬ್ಯಾಂಕಿನ ನಿಜವಾದ ವಿಳಾಸವೇ ಇದೆ. ನಿವೃತ್ತ ಶಿಕ್ಷಕರೊಬ್ಬರು ಅದನ್ನು ನಂಬಿ ಪಾಸ್‌ವರ್ಡ್ ಮತ್ತು ಒಟಿಪಿ ಕೊಡುತ್ತಾರೆ. ಹಣ ಹೋಗುತ್ತದೆ.

ಅನಧಿಕೃತ ವಿದ್ಯುನ್ಮಾನ ವಹಿವಾಟುಗಳಲ್ಲಿ ಗ್ರಾಹಕರ ಹೊಣೆಯನ್ನು ಕುರಿತು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆ, ಬ್ಯಾಂಕಿನ ಕಡೆಯ ಲೋಪವಿದ್ದರೆ ಗ್ರಾಹಕರಿಗೆ ಹೊಣೆಯಿಲ್ಲ ಎಂದಿತು. ಆದರೆ ಪಾಸ್‌ವರ್ಡ್‌ನಂತಹ ಗುಪ್ತ ವಿವರಗಳನ್ನು ತಾವೇ ಹಂಚಿಕೊಂಡ ನಿರ್ಲಕ್ಷ್ಯದಿಂದ ನಷ್ಟವಾಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ಸಂಪೂರ್ಣ ನಷ್ಟ ಗ್ರಾಹಕರದ್ದು ಎಂದೂ ಹೇಳಿತು. ನಮ್ಮ ಉದಾಹರಣೆಯ ಶಿಕ್ಷಕರು ಎರಡನೆಯ ವರ್ಗಕ್ಕೆ ಸೇರಿಬಿಡುತ್ತಾರೆ. ಅವರು ವಿಳಾಸವನ್ನು ಓದಿಯೇ ನಂಬಿದರು. ‘ಕಳುಹಿಸಿದವರ ವಿಳಾಸವನ್ನು ಪರೀಕ್ಷಿಸಿ’ ಎಂದು ಬ್ಯಾಂಕುಗಳೇ ಜಾಹೀರಾತುಗಳಲ್ಲಿ ಹೇಳಿದ್ದವು. ಆ ವಿಳಾಸವನ್ನು ಬೇರೆಯವರು ಬಳಸದಂತೆ ಒಂದು ಸಾಲು ಬದಲಿಸದೆ ಬಿಟ್ಟದ್ದು ಯಾರ ನಿರ್ಲಕ್ಷ್ಯ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಆದೇಶವನ್ನು ಬಿಗಿಗೊಳಿಸಿದರೆ ಪರಿಣಾಮ ಆಗುತ್ತದೆ ಎಂಬುದಕ್ಕೆ ನಿದರ್ಶನವಿದೆ. ಬ್ರಿಟನ್ನಿನ ತೆರಿಗೆ ಇಲಾಖೆಯ ಹೆಸರಿನಲ್ಲಿ ‘ತೆರಿಗೆ ಮರುಪಾವತಿ’ಯ ನಕಲಿ ಪತ್ರಗಳ ಹಾವಳಿ ವಿಪರೀತವಾಗಿತ್ತು. ಡಿಮಾರ್ಕ್ ಅನ್ನು ಪೂರ್ಣವಾಗಿ ಜಾರಿಗೊಳಿಸಿದ ಮೇಲೆ, 2016ರ ಒಂದೇ ವರ್ಷದಲ್ಲಿ ಸುಮಾರು 30 ಕೋಟಿ ನಕಲಿ ಪತ್ರಗಳನ್ನು ತಡೆಯಲು ಸಾಧ್ಯವಾಯಿತೆಂದು ಆ ಇಲಾಖೆ ಹೇಳಿತ್ತು.

ಸಣ್ಣ ಸಂಸ್ಥೆಯ ವಾಸ್ತವ

ಹಾಗೆಂದು ಎಲ್ಲರೂ ನಾಳೆಯೇ ‘ರಿಜೆಕ್ಟ್’ ಎಂದು ಬರೆಯಬಹುದೇ? ಹಾಗೆ ಮಾಡಿದರೆ ತೊಂದರೆ ಖಚಿತ. ಸಾಧಾರಣ ಕಾಲೇಜೊಂದರ ಸ್ಥಿತಿಯನ್ನು ನೋಡಿ. ಡೊಮೈನ್ ಒಂದು ಕಂಪನಿಯಿಂದ ಕೊಂಡದ್ದು. ತಾಣ ಇನ್ನೊಂದು ಹೋಸ್ಟಿಂಗ್ ಕಂಪನಿಯಲ್ಲಿದೆ. ಸಿಬ್ಬಂದಿಯ ಇ-ಮೇಲ್ ಗೂಗಲ್ ಅಥವಾ ಜೋಹೊದಲ್ಲಿದೆ. ಶುಲ್ಕದ ರಸೀದಿಗಳು ಪಾವತಿ ಕಂಪನಿಯಿಂದ ಹೋಗುತ್ತವೆ. ಪ್ರವೇಶ ಪ್ರಕಟಣೆಗಳನ್ನು ಕಳುಹಿಸಲು ಮತ್ತೊಂದು ಸೇವೆ. ಇವೆಲ್ಲವೂ ಕಾಲೇಜಿನ ಹೆಸರನ್ನೇ ಬಳಸುತ್ತವೆ. ಡಿಎನ್‌ಎಸ್‌ನ ಪಾಸ್‌ವರ್ಡ್ ಮಾತ್ರ ಬಹಳ ಹಿಂದೆ ತಾಣ ಮಾಡಿಕೊಟ್ಟು ಈಗ ಬೇರೆ ಉದ್ಯೋಗ ಹಿಡಿದಿರುವ ಯುವಕನ ಬಳಿ ಇದೆ. ಇಂತಹ ಸ್ಥಿತಿಯಲ್ಲಿ ಏಕಾಏಕಿ ಬಾಗಿಲು ಹಾಕಿದರೆ ಕಾಲೇಜಿನದೇ ರಸೀದಿಗಳು ಹೊರಗುಳಿಯುತ್ತವೆ. ಈ ಭಯ ನಿಜವಾದದ್ದು. ಆದರೆ ಇದು ನಿಧಾನವಾಗಿ ಹೋಗಲು ಕಾರಣವಾಗಬಹುದೇ ಹೊರತು ನಿಂತುಬಿಡಲು ಅಲ್ಲ.

ಮಾಡಬೇಕಾದ ಕೆಲಸಗಳು ಎಣಿಕೆಗೆ ಸಿಗುವಷ್ಟೇ ಇವೆ. ಮೊದಲು ಡೊಮೈನ್ ಹಾಗೂ ಡಿಎನ್‌ಎಸ್ ಖಾತೆಗಳನ್ನು ವ್ಯಕ್ತಿಯ ಹೆಸರಿನಿಂದ ಸಂಸ್ಥೆಯ ಹೆಸರಿಗೆ ತರಬೇಕು. ಅನಂತರ, ಸಂಸ್ಥೆಯ ಹೆಸರಿನಲ್ಲಿ ಪತ್ರ ಕಳುಹಿಸುವ ಎಲ್ಲ ಸೇವೆಗಳ ಪಟ್ಟಿ ಮಾಡಬೇಕು. ಇಡೀ ಕೆಲಸದಲ್ಲಿ ಹೆಚ್ಚು ಸಮಯ ಹಿಡಿಯುವುದು ಇದೇ.

ಎಸ್‌ಪಿಎಫ್ ದಾಖಲೆ ಒಂದು ಡೊಮೈನ್‌ಗೆ ಒಂದೇ ಇರಬೇಕು. ಹೊಸ ಸೇವೆ ಬಂದಾಗಲೆಲ್ಲ ಹೊಸ ದಾಖಲೆ ಸೇರಿಸುವುದು ಸಾಮಾನ್ಯ ತಪ್ಪು. ಎರಡಿದ್ದರೆ ಪರೀಕ್ಷೆ ದೋಷದಲ್ಲಿ ಕೊನೆಗೊಂಡು ಒಂದೂ ಲೆಕ್ಕಕ್ಕೆ ಬರುವುದಿಲ್ಲ. ಆ ಒಂದು ದಾಖಲೆಯನ್ನು ಓದಲು ಹತ್ತಕ್ಕಿಂತ ಹೆಚ್ಚು ಬಾರಿ ಡಿಎನ್‌ಎಸ್‌ನಲ್ಲಿ ಹುಡುಕಬೇಕಾಗಿ ಬಂದರೂ ಪರೀಕ್ಷೆ ವಿಫಲವಾಗುತ್ತದೆ. ಅಗ್ಗದ ಹೋಸ್ಟಿಂಗ್‌ನಲ್ಲಿ ಒಂದೇ ಸರ್ವರ್ ಅನೇಕ ಗ್ರಾಹಕರ ನಡುವೆ ಹಂಚಿಕೆಯಾಗಿರುತ್ತದೆ ಎಂಬುದನ್ನೂ ಮರೆಯಬಾರದು. ಅದರ ವಿಳಾಸಕ್ಕೆ ಅನುಮತಿ ಕೊಟ್ಟರೆ, ಕಂಪನಿ ತಡೆಯದಿದ್ದಲ್ಲಿ, ಅದೇ ಸರ್ವರ್‌ನಲ್ಲಿರುವ ಅಪರಿಚಿತರಿಗೂ ಅನುಮತಿ ಕೊಟ್ಟಂತಾಗುತ್ತದೆ. ತಾಣದಿಂದ ಪತ್ರಗಳೇ ಹೋಗದಿದ್ದರೆ ಆ ಸರ್ವರ್ ಪಟ್ಟಿಯಲ್ಲಿ ಇರಬೇಕಾಗಿಲ್ಲ.

ಡಿಕೆಐಎಂ ಕೀಲಿಯನ್ನು ಪ್ರತಿ ಸೇವೆಯಿಂದ ಪಡೆದು ಡಿಎನ್‌ಎಸ್‌ಗೆ ಸೇರಿಸಬೇಕು. ಬಳಿಕ ಡಿಮಾರ್ಕ್ ಅನ್ನು ‘ನನ್’ ಎಂದೇ ಆರಂಭಿಸಿ, ವರದಿ ಬರುವ ವಿಳಾಸವನ್ನು ಕಡ್ಡಾಯವಾಗಿ ಕೊಡಬೇಕು. ವರದಿ ವಿಳಾಸವಿಲ್ಲದ ‘ನನ್’ ಯಾವ ಉಪಯೋಗಕ್ಕೂ ಬಾರದು. ದೊಡ್ಡ ಅಂಚೆ ಸೇವೆಗಳಿಂದ ಸಾಮಾನ್ಯವಾಗಿ ದಿನಕ್ಕೊಮ್ಮೆ ಬರುವ ಈ ವರದಿಗಳು ಯಂತ್ರಕ್ಕಾಗಿ ಬರೆದವು. ಅವನ್ನು ಓದಬಲ್ಲ ಪಟ್ಟಿಯಾಗಿ ಮಾರ್ಪಡಿಸುವ ಉಚಿತ ಸಾಧನಗಳಿವೆ. ಕೆಲವು ವಾರ ಇವನ್ನು ನೋಡಿದರೆ ಪಟ್ಟಿಯಲ್ಲಿ ಬಿಟ್ಟುಹೋದ ಸೇವೆಗಳು ತಾವಾಗಿಯೇ ಕಾಣಿಸಿಕೊಳ್ಳುತ್ತವೆ. ಅವನ್ನು ಸರಿಪಡಿಸಿ ‘ಕ್ವಾರಂಟೈನ್’ಗೆ, ಅಲ್ಲಿಂದ ‘ರಿಜೆಕ್ಟ್’ಗೆ ಹೋಗಬಹುದು. ಈ ದಾಖಲೆಗಳಿಗೆ ಪ್ರತ್ಯೇಕ ಶುಲ್ಕವಿಲ್ಲ. ಬೇಕಾಗಿರುವುದು ಜವಾಬ್ದಾರಿ ಹೊರುವ ಒಬ್ಬರು ಮತ್ತು ಒಂದೆರಡು ತಿಂಗಳ ಗಮನ.

ಡೊಮೈನ್ ಬದಲಿಸಿದ ಬ್ಯಾಂಕುಗಳಿಗೆ ಇನ್ನೊಂದು ಕೆಲಸ ಉಳಿದಿದೆ. ಗ್ರಾಹಕರಿಗೆ ವರ್ಷಗಳಿಂದ ಪರಿಚಿತವಾಗಿರುವುದು ಹಳೆಯ ಹೆಸರು. ಅದರಿಂದ ಪತ್ರ ಕಳುಹಿಸುವುದನ್ನು ನಿಲ್ಲಿಸಿದ ಬಳಿಕ ‘ಈ ಹೆಸರಿನಲ್ಲಿ ಪತ್ರ ಕಳುಹಿಸಲು ಯಾರಿಗೂ ಅನುಮತಿ ಇಲ್ಲ’ ಎಂಬ ಎಸ್‌ಪಿಎಫ್ ಮತ್ತು ‘ರಿಜೆಕ್ಟ್’ ಎಂಬ ಡಿಮಾರ್ಕ್ ಆದೇಶವನ್ನು ಅದಕ್ಕೂ ಬರೆಯಬೇಕು. ನವೀಕರಣ ಶುಲ್ಕ ಉಳಿಸಲು ಆ ಹೆಸರನ್ನು ಕೈಬಿಟ್ಟರೆ, ಅದನ್ನು ಯಾರು ಬೇಕಾದರೂ ಕೊಂಡು ಅಸಲಿ ಒಡೆಯರಂತೆ ಎಲ್ಲ ಪರೀಕ್ಷೆಗಳಲ್ಲೂ ಗೆಲ್ಲಬಹುದು. ಹೊಸ ಮನೆಗೆ ಹೋದವರು ಹಳೆಯ ಮನೆಗೆ ಬೀಗ ಹಾಕದೆ ಬಿಟ್ಟಂತೆ ಆಗಬಾರದು.

ಎಲ್ಲಕ್ಕೂ ಮದ್ದಲ್ಲ

ಈ ವ್ಯವಸ್ಥೆಯ ಮಿತಿಗಳನ್ನೂ ಹೇಳಬೇಕು. 2015ರಲ್ಲಿ ಒಎನ್‌ಜಿಸಿ ಸಂಸ್ಥೆಗೆ ಸೌದಿ ಅರಾಮ್ಕೊದಿಂದ ಬರಬೇಕಿದ್ದ ಸುಮಾರು 197 ಕೋಟಿ ರೂಪಾಯಿ ವಂಚಕರ ಪಾಲಾದ ಪ್ರಕರಣ ವರದಿಯಾಗಿತ್ತು. ಅಲ್ಲಿ ಬಳಕೆಯಾದದ್ದು ಅಸಲಿ ವಿಳಾಸವಲ್ಲ, ಅಕ್ಷರ ಅದಲುಬದಲು ಮಾಡಿದ ಹೋಲಿಕೆಯ ವಿಳಾಸ. ಅಂತಹ ಹೆಸರಿನ ಒಡೆಯ ವಂಚಕನೇ ಆಗಿರುವುದರಿಂದ ಅವನೂ ಮೂರು ದಾಖಲೆಗಳನ್ನು ಬರೆದುಕೊಳ್ಳಬಹುದು. ಸಿಬ್ಬಂದಿಯ ಪಾಸ್‌ವರ್ಡ್ ಕದ್ದು ಒಳಗಿನಿಂದಲೇ ಕಳುಹಿಸುವ ಪತ್ರವನ್ನೂ ಇವು ತಡೆಯಲಾರವು. ಹಣದ ವಿಷಯದ ಪತ್ರ ಬಂದಾಗ ತಮಗೆ ಮೊದಲೇ ಗೊತ್ತಿರುವ ಸಂಖ್ಯೆಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳುವ ಅಭ್ಯಾಸಕ್ಕೆ ಪರ್ಯಾಯವಿಲ್ಲ.

‘ರಿಜೆಕ್ಟ್’ನಿಂದ ಅಮಾಯಕರಿಗೆ ತೊಂದರೆಯಾದ ಉದಾಹರಣೆಯೂ ಇದೆ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಬಳಕೆದಾರರ ವಿಳಾಸಗಳಿಗೆ ಈ ಆದೇಶ ಜಾರಿಗೊಳಿಸಿದಾಗ, ಒಬ್ಬರ ಪತ್ರವನ್ನು ನೂರಾರು ಸದಸ್ಯರಿಗೆ ಮರುರವಾನಿಸುವ ಚರ್ಚಾಕೂಟಗಳ ವ್ಯವಸ್ಥೆ ಎಲ್ಲೆಡೆ ಅಸ್ತವ್ಯಸ್ತವಾಯಿತು. ಸಾರ್ವಜನಿಕರಿಗೆ ಅಂಚೆಪೆಟ್ಟಿಗೆ ಕೊಡುವ ಕಂಪನಿಗೂ ತನ್ನ ಗ್ರಾಹಕರಿಗೆ ಸೂಚನೆ ಕಳುಹಿಸುವ ಬ್ಯಾಂಕಿಗೂ ವ್ಯತ್ಯಾಸವಿದೆ. ಬ್ಯಾಂಕಿನ ಡೊಮೈನ್‌ನಲ್ಲಿ ಬಿಗಿ ಆದೇಶದ ಲಾಭ ಹೆಚ್ಚು, ತೊಂದರೆ ಕಡಿಮೆ.

ಮುಂದಿನ ಹೆಜ್ಜೆ ನಿಯಂತ್ರಕರದ್ದು. ಡಿಮಾರ್ಕ್ ‘ಇರಬೇಕು’ ಎಂದು ಹೇಳುವುದರ ಬದಲು, ಇಂತಿಷ್ಟು ತಿಂಗಳೊಳಗೆ ‘ರಿಜೆಕ್ಟ್’ ಹಂತ ತಲುಪಬೇಕೆಂದು ಹೇಳುವುದು ಸಾಧ್ಯ. ‘ನನ್’ ಆದೇಶದಲ್ಲೇ ಉಳಿದ ಬ್ಯಾಂಕಿನ ಅಸಲಿ ವಿಳಾಸ ಹೊತ್ತ ನಕಲಿ ಪತ್ರದಿಂದ ಗ್ರಾಹಕರಿಗೆ ನಷ್ಟವಾದರೆ, ಅದನ್ನು ಬ್ಯಾಂಕಿನ ಕಡೆಯ ಲೋಪವೆಂದೇ ಪರಿಗಣಿಸುವುದೂ ನ್ಯಾಯಸಮ್ಮತ. ನಷ್ಟದ ಒಂದು ಪಾಲು ತಮ್ಮ ಮೇಲೆ ಬೀಳುತ್ತದೆಂದಾದರೆ ಸಂಸ್ಥೆಗಳು ಆ ಒಂದು ಸಾಲನ್ನು ಬದಲಿಸಲು ತಡಮಾಡಲಾರವು.

ಅಲ್ಲಿಯವರೆಗೆ ಸದಸ್ಯರೂ ಗ್ರಾಹಕರೂ ಸುಮ್ಮನಿರಬೇಕಾಗಿಲ್ಲ. ಪಹಣಿಯಂತೆಯೇ ಈ ದಾಖಲೆಗಳೂ ಸಾರ್ವಜನಿಕ. ಡೊಮೈನ್‌ನ ಹೆಸರು ಕೊಟ್ಟರೆ ಡಿಮಾರ್ಕ್ ಆದೇಶವನ್ನು ತೋರಿಸುವ ಉಚಿತ ಸೇವೆಗಳಿದ್ದು, ತಂತ್ರಜ್ಞರಲ್ಲದವರೂ ಅದನ್ನು ನೋಡಬಹುದು. ಸಹಕಾರಿ ಬ್ಯಾಂಕಿನ ವಾರ್ಷಿಕ ಮಹಾಸಭೆಯಲ್ಲಿ ಲಾಭಾಂಶದ ಬಗ್ಗೆ ಕೇಳುವ ಸದಸ್ಯರು ಈ ಬಾರಿ ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: ನಮ್ಮ ಬ್ಯಾಂಕಿನ ಹೆಸರಿನಲ್ಲಿ ಬೇರೆಯವರು ಪತ್ರ ಕಳುಹಿಸಿದರೆ ಅದು ತಿರಸ್ಕೃತವಾಗುತ್ತದೆಯೇ ಅಥವಾ ವರದಿ ಬರೆದುಕೊಂಡು ಒಳಗೆ ಬಿಡಲಾಗುತ್ತದೆಯೇ? ಊರು ಸೂರೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವುದಕ್ಕಿಂತ ಇದು ಮೇಲು.